ಕಂಬಕ್ಕೆ ಕಟ್ಟಿದ ಕದಿರು

ಬಂಟ್ವಾಳ
೧೬ ನವೆಂಬರ್ ೨೦೨೫, ಭಾನುವಾರ

ಅತ್ತಿಗೆ,

ನಾನು ಪ್ರೇಮಾವತಿ. ನೆರಿಯದ ಪ್ರೇಮ, ಹುಕ್ರಪ್ಪಣ್ಣನ ತಂಗಿ. ಮೂವತ್ತೊಂದು ವರ್ಷದ ನಂತರ ಬರೆಯುವ ಕಾಗದಕ್ಕೆ ‘ಪ್ರೀತಿಯ’ ಎಂದೋ ‘ಪೂಜ್ಯ’ ಎಂದೋ ಮುಂದೆ ಏನಾದರೂ ಹಾಕಬೇಕಲ್ಲ ಎಂದು ಎರಡು ಹಾಳೆ ಹಾಳು ಮಾಡಿದೆ. ಯಾವುದನ್ನು ಬರೆದರೂ ನನಗೇ ನಾಚಿಕೆಯಾಯಿತು. ಕೊನೆಗೆ ಆಗ ಕರೆಯುತ್ತಿದ್ದ ಹಾಗೆಯೇ ಬರೆದಿದ್ದೇನೆ. ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಉಂಟೋ ಇಲ್ಲವೋ, ಓದಿ ಮುಗಿಸಿದ ಮೇಲೆ ನೀವೇ ತೀರ್ಮಾನಿಸಿ.

ಕಳೆದ ವಾರ ನಿಮಗೆ ಮೂರು ಸಲ ಫೋನು ಬಂದು ಮಾತಿಲ್ಲದೆ ಕಡಿದುಹೋದದ್ದು ನೆನಪಿರಬಹುದು. ಅದು ನಾನು. ಈಗ ನೆರಿಯದ ನಮ್ಮ ಗದ್ದೆ ನೋಡಿಕೊಳ್ಳುವ ನೆರೆಮನೆಯ ವೆಂಕಪ್ಪ ನಿಮ್ಮ ನಂಬರು ಕೊಟ್ಟಿದ್ದ. ನಿಮ್ಮ ಸ್ವರ ಒಂದಿಷ್ಟೂ ಬದಲಾಗಿಲ್ಲ. ಮೂರನೆಯ ಸಲ ನೀವು, “ಮಾತಾಡ್ಲಿಕ್ಕೆ ಇಲ್ಲದಿದ್ರೆ ಫೋನ್ ಯಾಕೆ ಮಾಡುವುದು ಮಾರಾಯ್ರೆ” ಎಂದು ಬೈದಿರಿ. ಬೈಸಿಕೊಂಡು ನನಗೆ ಸ್ವಲ್ಪ ಸಮಾಧಾನವಾಯಿತು ಎಂದರೆ ನೀವು ನಂಬಲಿಕ್ಕಿಲ್ಲ.

ಇಪ್ಪತ್ತಾರು ವರ್ಷದಿಂದ ಇಲ್ಲಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಕಿಟಕಿಯ ಗಾಜು ಒಡೆದವರು ಯಾರು ಎಂದು ಕೇಳಿ, ಒಪ್ಪಿಕೊಳ್ಳುವವರೆಗೆ ಇಡೀ ತರಗತಿಯನ್ನು ನಿಲ್ಲಿಸುವ ಟೀಚರ್ ನಾನು. ಒಪ್ಪಿಕೊಂಡ ಮಗುವಿಗೆ ಪೆಟ್ಟು ಕೊಡುವುದಿಲ್ಲ, ಚಪ್ಪಾಳೆ ಹೊಡೆಸುತ್ತೇನೆ. ಈ ಕಾಗದ ಬರೆಯಲು ಕುಳಿತಾಗ ಅದೆಲ್ಲ ನೆನಪಾಗಿ ಪೆನ್ನು ಮುಚ್ಚಿಟ್ಟು ಎದ್ದುಹೋದೆ. ಅಂಗಳ ಗುಡಿಸಿ, ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ಮಡಚಿ, ಈಗ ಪುನಃ ಕುಳಿತಿದ್ದೇನೆ.

ಇದಕ್ಕೆಲ್ಲ ಕಾರಣ ಅನಿಷಾ. ನಿಮಗೆ ಗೊತ್ತಿರುವ ಹುಡುಗಿಯೇ. ಮೂಡುಬಿದಿರೆಯ ಜೈನರ ಮನೆಯವಳು, ಬೆನ್ನಿಗೆ ದೊಡ್ಡ ಚೀಲ. ಜನವರಿಯಲ್ಲಿ ನಿಮ್ಮ ತವರು ಕಕ್ಕಿಂಜೆಗೆ ಬಂದು ನೀವು ಬಿತ್ತನೆಗೆ ಇಟ್ಟ ಭತ್ತದಲ್ಲಿ ಒಂದು ಹಿಡಿ ಬಿತ್ತು ಕೇಳಿ ತೆಗೆದುಕೊಂಡು ಹೋದಳಲ್ಲ, ಅವಳೇ. ನಮ್ಮ ಘಟ್ಟದ ಬುಡದ ಊರುಗಳಿಗೆ ಭತ್ತ ಯಾವ ದಾರಿಯಲ್ಲಿ ಬಂತು, ಚಾರ್ಮಾಡಿ ಇಳಿದು ಬಂತೋ, ಕಡಲ ಕಡೆಯಿಂದ ಹೊಳೆಯ ಬದಿ ಹಿಡಿದು ಬಂತೋ ಎಂದು ಹುಡುಕುವುದು ಅವಳ ಕೆಲಸ. ಶಾಸನದಲ್ಲಿ ಬರೆಯದೆ ಬಿಟ್ಟದ್ದು ಕಾಳಿನೊಳಗೆ ಇರುತ್ತದೆ ಎನ್ನುತ್ತಾಳೆ. ತನ್ನ ಅಜ್ಜನ ಮನೆಯ ಮಣ್ಣಿನ ಗೋಡೆ ಕೆಡವಿದಾಗ ಅದರೊಳಗಿದ್ದ ಉಮಿಯನ್ನೂ ಹೆಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳಂತೆ. ಆ ಅಜ್ಜ, ಇವಳಿಗೆ ಮದುವೆ ಮಾಡುವುದಿದ್ದರೆ ಭತ್ತದ ಮುಡಿಗೇ ಮಾಡಬೇಕು ಎಂದರಂತೆ.

ನೆರಿಯದ ನಮ್ಮ ಮನೆಗೆ ಬಂದವಳು ಗದ್ದೆಗೆ ಇಳಿಯಲೇ ಇಲ್ಲ. ನಡುಮನೆಯ ಕಂಬ ನೋಡಿ ಅಲ್ಲೇ ನಿಂತುಬಿಟ್ಟಳು. ನಿಮಗೆ ಆ ಕಂಬ ಮರೆತಿರುವುದಿಲ್ಲ. ಉಳಿದ ಮನೆಗಳಲ್ಲಿ ವರ್ಷ ವರ್ಷ ಹೊಸ ತೆನೆಯ ಕದಿರು ಕಟ್ಟುವಾಗ ಹೋದ ವರ್ಷದ್ದನ್ನು ಬಿಚ್ಚಿ ಗದ್ದೆಗೆ ಹಾಕುತ್ತಾರೆ. ನಮ್ಮ ಅಮ್ಮ ಮಾತ್ರ ಬಿಚ್ಚಲು ಬಿಡುತ್ತಿರಲಿಲ್ಲ. ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆ ಸುತ್ತಿದ ಹೊಸ ಕದಿರನ್ನು ಹಳೆಯದರ ಮೇಲೆಯೇ ಕಟ್ಟಿಸುತ್ತಿದ್ದರು. ಹಾಗಾಗಿ ಕಂಬದ ನಡುವಿಗೆ ಹೊಟ್ಟೆ ಬಂದ ಹಾಗೆ ಒಂದು ಗಂಟು. ಒಲೆಯ ಹೊಗೆ ಹಿಡಿದು ಕಪ್ಪಗಾದ ಗಂಟು. ಮದುವೆಯಾಗಿ ಬಂದ ಮೊದಲ ವಾರ ನೀವು ಅದಕ್ಕೆ ತಲೆ ಹೊಡೆದುಕೊಂಡು ನಕ್ಕಿರಿ. ನಾನೂ ನಕ್ಕೆ. ಅಮ್ಮ ನಗಲಿಲ್ಲ.

ಅನಿಷಾ ಅರ್ಧ ದಿನ ಸ್ಟೂಲಿನ ಮೇಲೆ ನಿಂತು ಆ ಗಂಟನ್ನು ಪದರ ಪದರವಾಗಿ ಬಿಡಿಸಿದಳು. ಪ್ರತಿ ಪದರದಿಂದ ನಾಲ್ಕು ಕಾಳು ಕಿತ್ತು ಸಣ್ಣ ಕವರಿಗೆ ಹಾಕಿ ಇಸವಿ ಬರೆದಳು. ಹೊರಗಿನ ಮೂರು ನಾನು ಕಟ್ಟಿದ್ದು, ಅಣ್ಣ ತೀರಿಕೊಂಡ ಮೇಲೆ. ಅದರ ಒಳಗೆ ಅಣ್ಣ ಕಟ್ಟಿದ್ದು. ಇನ್ನೂ ಒಳಗೆ ಅಪ್ಪ ಕಟ್ಟಿದ್ದು. ಒಟ್ಟು ಐವತ್ತನಾಲ್ಕು ಸಿಕ್ಕಿತು, ಅದರ ಆಚೆಗಿನದ್ದು ಮುಟ್ಟಿದರೆ ಹುಡಿಯಾಗುತ್ತಿತ್ತು. ಅವಳು ಕೆಲಸ ಮಾಡುವಾಗ ನಾನು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡಿದ್ದೆ. ಮೂವತ್ತರ ಹತ್ತಿರ ಬಂದಾಗ, ಇನ್ನು ಸಾಕು, ಕಾಫಿ ಕುಡಿಯುವ ಬಾ ಎಂದೆ. ಅವಳು ಬರಲಿಲ್ಲ.

ಅವಳು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಪ್ರತಿ ಭತ್ತದ ಕಾಳಿನೊಳಗೆ ಒಂದು ಬರಹ ಉಂಟಂತೆ. ಬರೀ ನಾಲ್ಕು ಅಕ್ಷರಗಳು, ಅವೇ ಹಿಂದೆ ಮುಂದೆ ಆಗಿ ಸುಮಾರು ನಲವತ್ತು ಕೋಟಿ ಅಕ್ಷರದಷ್ಟು ಉದ್ದಕ್ಕೆ. ತಾಯಿಯಿಂದ ಮರಿಗೆ, ಮರಿಯಿಂದ ಅದರ ಮರಿಗೆ ಆ ಬರಹ ಇಳಿದು ಬರುತ್ತದೆ. ಎಲ್ಲೋ ಒಂದೊಂದು ಅಕ್ಷರ ತಪ್ಪುತ್ತದೆ. ಆ ತಪ್ಪುಗಳನ್ನು ಹೋಲಿಸಿ ನೋಡಿದರೆ ಯಾವ ಊರಿನ ಭತ್ತ ಯಾವ ಊರಿನ ಭತ್ತಕ್ಕೆ ಸಂಬಂಧ ಎಂದು ಗೊತ್ತಾಗುತ್ತದಂತೆ. ನಾನು ಮಕ್ಕಳ ಕಾಪಿ ಪುಸ್ತಕ ನೋಡಿ ಯಾರು ಯಾರದ್ದನ್ನು ನೋಡಿ ಬರೆದರು ಎಂದು ಹಿಡಿಯುವುದೂ ಹೀಗೆಯೇ. ಹೊಗೆ ಹಿಡಿದ ಹಳೆಯ ಕಾಳಿನಲ್ಲಿ ಬರಹ ಚೂರು ಚೂರಾಗಿರುತ್ತದೆ, ಆದರೂ ಯಂತ್ರ ಅದನ್ನು ಓದುತ್ತದೆ.

ಹೋದ ಶನಿವಾರ ಅವಳು ಬಂಟ್ವಾಳಕ್ಕೆ, ನಮ್ಮ ಮನೆಗೇ ಬಂದಳು. ಲ್ಯಾಪ್‌ಟಾಪ್ ತೆರೆದು ಒಂದು ಚಿತ್ರ ತೋರಿಸಿದಳು. ಐವತ್ತನಾಲ್ಕು ಅಡ್ಡಗೆರೆ, ವರ್ಷಕ್ಕೊಂದು. ಹೊರಗಿನಿಂದ ಮೂವತ್ತೊಂದು ಗೆರೆ ಹಸಿರು. ಅದರ ಒಳಗಿನದೆಲ್ಲ ಕಂದು.

“ಟೀಚರ್, ತೊಂಬತ್ತಮೂರರವರೆಗೆ ನಿಮ್ಮಲ್ಲಿ ಇದ್ದದ್ದು ಒಂದು ಭತ್ತ, ತೊಂಬತ್ತನಾಲ್ಕರಿಂದ ಬೇರೆಯೇ ಭತ್ತ. ಆ ವರ್ಷ ಏನಾಯ್ತು?” ಎಂದು ಕೇಳಿದಳು.

ಗೊತ್ತಿಲ್ಲ ಎಂದೆ.

ಆಮೇಲೆ ಅವಳು ಹೇಳಿದಳು, ಹಸಿರು ಗೆರೆಯ ಭತ್ತ ಕಕ್ಕಿಂಜೆಯ ಒಂದು ಮನೆಯಿಂದ ತಂದ ಭತ್ತಕ್ಕೆ ಸರಿಯಾಗಿ ಹೊಂದುತ್ತದೆ, ಬೇರೆ ಯಾವ ಮನೆಯದ್ದಕ್ಕೂ ಅಲ್ಲ ಎಂದು. ಪೂವಮ್ಮ ಎಂಬವರು ಕೊಟ್ಟದ್ದು, ತಮ್ಮ ತಾಯಿಯ ಕಾಲದಿಂದ ಇರುವ ಬಿತ್ತು ಎಂದಿದ್ದರು ಎಂದಳು. ನನಗೆ ಪರಿಚಯವೋ ಎಂದು ಕೇಳಿದಳು. ನಾನು ಹಾಲು ಉಕ್ಕುತ್ತದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇಟ್ಟಿರಲಿಲ್ಲ. ಒಳಗಿದ್ದಾಗ ಅವಳು ಹೊರಗಿನಿಂದಲೇ ಮಾತು ಮುಂದುವರಿಸಿದಳು. ಬಿತ್ತು ಕೊಟ್ಟು ಆದ ಮೇಲೆ ನೀವು ಒಂದೇ ಒಂದು ಮಾತು ಕೇಳಿದಿರಂತೆ: “ನೆರಿಯಕ್ಕೂ ಹೋಗ್ತೀರಾ?” ಹೋಗ್ತೇನೆ ಎಂದಾಗ ಅವಳ ಚೀಲಕ್ಕೆ ನಾಲ್ಕು ಬಾಳೆಹಣ್ಣು ಹಾಕಿದಿರಂತೆ.

ಹೊರಗೆ ಬಂದು, ಆ ಹಳೆಯ ಭತ್ತ, ಕಂದು ಗೆರೆಯದ್ದು, ಈಗ ಎಲ್ಲಾದರೂ ಉಂಟೋ ಎಂದು ಕೇಳಿದೆ. ಘಟ್ಟದ ಮೇಲೆ ಅದರ ದೂರದ ಸಂಬಂಧದವು ಎರಡು ಮೂರು ಉಂಟಂತೆ, ಅದೇ ಮಾತ್ರ ಅವಳು ಹುಡುಕಿದ ನೂರಹನ್ನೊಂದು ಮನೆಗಳಲ್ಲಿ ಎಲ್ಲಿಯೂ ಇಲ್ಲವಂತೆ. “ಕಂಬದಲ್ಲಿ ಓದ್ಲಿಕ್ಕೆ ಉಂಟು ಟೀಚರ್, ಬಿತ್ತಲಿಕ್ಕೆ ಇಲ್ಲ,” ಎಂದಳು. ಪಾಪ, ಅವಳಿಗೂ ಬೇಸರವಾಗಿತ್ತು. ಅದನ್ನು ಕೊಂದವಳ ಎದುರಿಗೇ ಕುಳಿತು ಕಾಫಿ ಕುಡಿಯುತ್ತಿದ್ದೇನೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು.

ಅತ್ತಿಗೆ, ಇನ್ನು ಬರೆಯುವುದು ನಿಮಗೆ ಗೊತ್ತಿರುವ ವಿಷಯ. ಆದರೂ ನನ್ನ ಕೈಯಿಂದ ಒಮ್ಮೆ ಬರೆಯಬೇಕು.

ತೊಂಬತ್ತಮೂರರ ದೀಪಾವಳಿಯ ಮರುವಾರ. ಮಳೆಗಾಲದ ಏಣೆಲು ಬೆಳೆಯ ಒಕ್ಕಲು ಮುಗಿದಿತ್ತು. ಬೆಳಿಗ್ಗೆ ನೀವು ದೊಡ್ಡ ಹಂಡೆಯಲ್ಲಿ ಕುಚ್ಚಲಕ್ಕಿಗೆಂದು ಭತ್ತ ಬೇಯಿಸಿ, ಅಂಗಳದ ಮೂಡು ಬದಿಯ ಚಾಪೆಯಲ್ಲಿ ಒಣಗಲು ಹರಡಿದಿರಿ. ಪಡು ಬದಿಯ ಚಾಪೆಯಲ್ಲಿ ಬಿತ್ತಿನ ಭತ್ತ ಇತ್ತು, ಒಂದು ವಾರದಿಂದ ಹಗಲಿನ ಬಿಸಿಲು, ರಾತ್ರಿಯ ಇಬ್ಬನಿ ಎರಡೂ ಕಾಣುತ್ತಿದ್ದದ್ದು. ಮಧ್ಯಾಹ್ನ ನೀವು ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಕೊಂಡು ದನಕ್ಕೆ ಹುಲ್ಲು ತರಲು ಹೋಗಿದ್ದಿರಿ. ಅಮ್ಮ ಮಲಗಿದ್ದರು. ಎಲ್ಲಿಂದಲೋ ಮಳೆ ಬಂತು. ನಾನೊಬ್ಬಳೇ. ಓಡಿ ಬಂದು ಎರಡೂ ಚಾಪೆ ಎಳೆದು, ಸಿಕ್ಕಿದ ಬುಟ್ಟಿಗೆ ಸಿಕ್ಕಿದ್ದನ್ನು ತುಂಬಿ ಜಗಲಿಯಲ್ಲಿ ಸಾಲಾಗಿ ಇಟ್ಟೆ. ಯಾವುದು ಎಲ್ಲಿಯದು ಎಂದು ನೋಡಲಿಲ್ಲ. ಅಂಗಳದಲ್ಲಿ ನೆನೆಯುತ್ತಿದ್ದ ನನ್ನ ಹೊಸ ದಾವಣಿಯ ಮೇಲೆ ಧ್ಯಾನ. ಸಂಜೆ ಅಣ್ಣ ಬಂದು ಬಿತ್ತಿನ ಬುಟ್ಟಿ ಯಾವುದು ಎಂದು ಕೇಳಿದ. ತೋರಿಸಿದೆ. ಬಣ್ಣ ಸ್ವಲ್ಪ ಮಂಕಾಗಿದೆಯಲ್ಲ ಎಂದ, ಮಳೆಗೆ ಹಾಗಾಯಿತು ಎಂದೆ. ಅದನ್ನೇ ಮತ್ತೆ ಒಣಗಿಸಿ ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಅಟ್ಟಕ್ಕೆ ಹಾಕಿದ.

ಹದಿನೈದು ದಿನ ಬಿಟ್ಟು ಗಿರಣಿಯಿಂದ ಅಕ್ಕಿ ತಂದವಳೂ ನಾನೇ. ಕುಚ್ಚಲಾಗಿರಲಿಲ್ಲ, ಬೇಯಿಸದ ಬೆಳ್ತಿಗೆಯ ಹಾಗೆ ಇತ್ತು, ಅರ್ಧ ನುಚ್ಚು. ಬುಟ್ಟಿ ಅದಲುಬದಲಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಅಮ್ಮ, ಸೊಸೆಗೆ ಭತ್ತ ಬೇಯಿಸಲಿಕ್ಕೂ ಬರುವುದಿಲ್ಲ ಎಂದು ನಿಮ್ಮನ್ನು ಬೈದರು. ನೀವು ಆ ನುಚ್ಚನ್ನು ಅರೆದು ದಿನಾ ರೊಟ್ಟಿ ಮಾಡಿದಿರಿ. ನಮ್ಮ ಮನೆಯ ತಲೆತಲಾಂತರದ ಬಿತ್ತನ್ನು ನಾವು ಕಾಯಿಚಟ್ನಿಯ ಜೊತೆ ತಿಂದು ಮುಗಿಸಿದೆವು. ರೊಟ್ಟಿ ರುಚಿಯಾಗಿತ್ತು, ಅದೂ ನೆನಪುಂಟು.

ಜೂನಿನಲ್ಲಿ ಮುಡಿ ಬಿಚ್ಚಿ ಅರ್ಧ ಬಿತ್ತು ನೆನೆಹಾಕಿದರು. ಬುಟ್ಟಿಯಲ್ಲಿ ಉಪ್ಪಳಿಗೆ ಎಲೆ ಹಾಸಿ, ಮೇಲೆ ಹುಲ್ಲು ಮುಚ್ಚಿ, ಕಲ್ಲು ಇಟ್ಟು, ದನದ ಹಟ್ಟಿಯ ಬೆಚ್ಚಗಿನ ಮೂಲೆಯಲ್ಲಿ ಇಟ್ಟರು. ಮೂರನೆಯ ದಿನ ಬಿಳಿ ಮೊಳಕೆ ಕಾಣಬೇಕಿತ್ತು. ಅಮ್ಮ ಹುಲ್ಲು ಸರಿಸಿದರೆ ಹುಳಿ ವಾಸನೆ. ಐದನೆಯ ದಿನ ಅಮ್ಮ ಒಂದು ಕಾಳು ಉಗುರಿನಲ್ಲಿ ಸುಲಿದು, ಕಚ್ಚಿ ನೋಡಿ, ಬೇಯಿಸಿದ ಭತ್ತ ಎಂದು ಕಂಡುಹಿಡಿದರು. ಎಲ್ಲರನ್ನೂ ಜಗಲಿಗೆ ಕರೆದು, ಅವತ್ತು ಚಾಪೆ ಎತ್ತಿದ್ದು ಯಾರು ಎಂದು ಕೇಳಿದರು.

“ಅತ್ತಿಗೆ,” ಎಂದೆ ನಾನು.

ನೀವು ನನ್ನ ಮುಖ ನೋಡಿದಿರಿ. ಒಂದು ಮಾತು ಆಡಲಿಲ್ಲ. ಮುಂದಿನ ವಾರ ನನ್ನನ್ನು ನೋಡಲು ಹುಡುಗನ ಕಡೆಯವರು ಬರುವುದಿತ್ತು, ಮನೆಯ ಬಿತ್ತು ಹಾಳು ಮಾಡಿದ ಹುಡುಗಿ ಎಂದು ಸುದ್ದಿಯಾದರೆ ಯಾರು ಒಪ್ಪುತ್ತಾರೆ ಎಂದು ನಿಮಗೆ ಗೊತ್ತಿತ್ತು. ಅದಕ್ಕೇ ಸುಮ್ಮನಾದಿರಿ ಎಂದು ನಾನು ತಿಳಿದುಕೊಂಡಿದ್ದೇನೆ. ಹೌದೋ ಅಲ್ಲವೋ ಕೇಳುವ ಧೈರ್ಯ ಬರಲಿಲ್ಲ. ಆ ಹುಡುಗನ ಕಡೆಯವರು ಬಂದು, ಅವಲಕ್ಕಿ ತಿಂದು, ಕಾಫಿ ಕುಡಿದು ಹೋದವರು ಮತ್ತೆ ಸುದ್ದಿಯೇ ಇಲ್ಲ. ಅಷ್ಟಕ್ಕಾಗಿ ನಾನು ಹೇಳಿದ ಸುಳ್ಳು.

ಮದುವೆಯಾಗಿ ಎರಡೂವರೆ ವರ್ಷವಾದರೂ ನಿಮಗೆ ಮಕ್ಕಳಾಗದ್ದನ್ನು ಅಮ್ಮ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅದನ್ನೂ ಇದನ್ನೂ ಸೇರಿಸಿದರು. ಇವಳ ಕೈ ತಾಗಿದ್ದು ಯಾವುದೂ ಮೊಳೆಯುವುದಿಲ್ಲ ಎಂದರು. ನೀವು ಅದನ್ನು ನಿಂತು ಕೇಳಿದ್ದೀರಿ, ನನಗೆ ಬರೆಯಲು ಏನು ಕಷ್ಟ. ಸ್ವಲ್ಪ ದಿನ ತವರಿನಲ್ಲಿ ಇರಲಿ ಎಂದು ನಿಮ್ಮ ಅಣ್ಣನಿಗೆ ಹೇಳಿ ಕಳುಹಿಸಿದರು. ನೀವು ಒಂದು ಚೀಲ ಹಿಡಿದುಕೊಂಡು ಹೋದಿರಿ. ನಮ್ಮ ಅಣ್ಣ ಗದ್ದೆಯಲ್ಲಿ ಕೋಣಗಳ ಹಿಂದೆ ಇದ್ದ. ತಿರುಗಿ ನೋಡಿದ, ಬರಲಿಲ್ಲ.

ಆಮೇಲಿನದ್ದು ನಿಮಗೆ ವೆಂಕಪ್ಪ ಹೇಳಿರಬೇಕು. ಹತ್ತು ದಿನ ಬಿಟ್ಟು ಅಮ್ಮ ಮನಸ್ಸು ತಡೆಯದೆ, ಮುಡಿಯಲ್ಲಿ ಉಳಿದಿದ್ದ ಒಂದು ಕಳಸೆಯಷ್ಟು ಬಿತ್ತನ್ನು ಮನೆಯ ದೈವಕ್ಕೆ ಕೈಮುಗಿದು ನೆನೆಹಾಕಿದರು. ಸರಕಾರಿ ಬಿತ್ತು ತರುವ ಎಂದು ಅಣ್ಣ ಹೇಳಿದರೂ ಕೇಳಲಿಲ್ಲ. ಮೂರನೆಯ ದಿನ ಹುಲ್ಲು ಸರಿಸಿ ನೋಡುತ್ತಾರೆ, ಬುಟ್ಟಿ ತುಂಬ ಮೊಳಕೆ. ಅಮ್ಮ ಹಟ್ಟಿಯಲ್ಲೇ ಕುಳಿತು ಅತ್ತರು. ಆಮೇಲೆ ಎದ್ದು ಬಂದು ಊರಿಗೆ ಕೇಳುವ ಹಾಗೆ ಹೇಳಿದರು, “ನೋಡಿ, ಅವಳು ಹೊಸ್ತಿಲು ದಾಟಿದ ಮೇಲೆ ಬಿತ್ತು ಮೊಳೆಯಿತು.”

ಆ ಒಂದು ಮಾತಿಗೆ ನಿಮ್ಮ ಬಾಗಿಲು ಮುಚ್ಚಿತು. ಅಲ್ಲಿಯವರೆಗೆ, ಸ್ವಲ್ಪ ದಿನ ಎಂದು ಇತ್ತು. ಅಣ್ಣ ಆಷಾಢ ಕಳೆದು ಕರೆದುಕೊಂಡು ಬರುತ್ತೇನೆ ಎಂದು ನನ್ನೊಡನೆ ಹೇಳಿದ್ದ. ದೈವವೇ ತೀರ್ಪು ಕೊಟ್ಟ ಮೇಲೆ ಅವನಿಗೆ ಬಾಯಿ ಇಲ್ಲದಾಯಿತು. ಅಮ್ಮ ಆ ಮಾತು ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಆ ವರ್ಷದ ಹೊಸ ಅಕ್ಕಿ ಊಟದ ದಿನ ಅಮ್ಮ ಎರಡು ತುತ್ತು ತಿಂದು, “ಕಾಳು ಸಪೂರ ಉಂಟಲ್ಲ,” ಎಂದರು. ಅವರು ಬಟ್ಟಲಿನಲ್ಲಿ ಉಳಿದದ್ದನ್ನು ನಾಯಿಗೆ ಹಾಕಿ ಕೈತೊಳೆದರು. ಅವರಿಗೂ ಗೊತ್ತಾಗಿತ್ತೋ ಏನೋ. ಗೊತ್ತಾಗಿದ್ದರೆ ನನಗಿಂತ ಹೆಚ್ಚು ಕಷ್ಟಪಟ್ಟು ಮುಚ್ಚಿಟ್ಟಿರಬೇಕು, ಸಾಯುವವರೆಗೆ ಕದಿರು ಕಟ್ಟುವ ದಿನ ಅವರ ಮುಖ ಗಂಟಿಕ್ಕಿಯೇ ಇರುತ್ತಿತ್ತು.

ಅಣ್ಣನ ವಿಷಯ ಒಂದು ಹೇಳಬೇಕು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವನು ಬೇರೆ ಮದುವೆಯಾಗಲಿಲ್ಲ ಎಂದು ನಿಮಗೆ ಗೊತ್ತು. ಅಮ್ಮ ತೀರಿಕೊಂಡ ವರ್ಷ ಅವನು ಹೊಸ ಅಕ್ಕಿ ಎರಡು ಸೇರು ಬಟ್ಟೆಚೀಲದಲ್ಲಿ ಕಟ್ಟಿಕೊಂಡು ಕಕ್ಕಿಂಜೆಗೆ ಬಂದಿದ್ದ. ಬಸ್ಸಿನಿಂದ ಇಳಿದು, ಹೋಟೆಲಿನಲ್ಲಿ ಚಹಾ ಕುಡಿದು, ಮುಂದಿನ ಬಸ್ಸಿಗೆ ಹಿಂದೆ ಬಂದ. ನಾನು ಬಂಟ್ವಾಳದಿಂದ ಹೋಗಿದ್ದಾಗ ಹೇಳಿದ, “ಯಾವ ಮುಖ ಇಟ್ಕೊಂಡು ಹೋಗುವುದು ಮಾರಾಯ್ತಿ.” ಆಮೇಲೆ ಕೇಳಿದ, ಆ ಮಳೆಯ ದಿನದ ಬಗ್ಗೆ ನಿನಗೆ ಏನಾದರೂ ಗೊತ್ತುಂಟಾ ಪ್ರೇಮ ಎಂದು. ನಾನು ಏನು ಹೇಳಿದೆ ಗೊತ್ತೇ? ಹಳೆಯದೆಲ್ಲ ಈಗ ಯಾಕಣ್ಣ ಎಂದೆ. ಅವನು ಆ ಅಕ್ಕಿಯನ್ನು ಆ ವರ್ಷ ಯಾರಿಗೂ ಬೇಯಿಸಲು ಕೊಡಲಿಲ್ಲ. ಹುಳ ಹಿಡಿದ ಮೇಲೆ ಕೋಳಿಗೆ ಹಾಕಿದ.

ಊರೆಲ್ಲ ಗದ್ದೆಗೆ ರಬ್ಬರ್ ಇಟ್ಟಾಗಲೂ ಅವನು ಒಂದು ಗದ್ದೆಯಲ್ಲಿ ಆ ಭತ್ತ ಬಿಡಲಿಲ್ಲ. ಮೂರು ವರ್ಷದ ಹಿಂದೆ, ಆಸ್ಪತ್ರೆಯಲ್ಲಿ ಕೊನೆಯ ವಾರ, ಗದ್ದೆಗೆ ನೇಜಿ ನೆಟ್ಟು ಆಯಿತಾ ಎಂದು ಕೇಳುತ್ತಿದ್ದ. ಆಯಿತು ಎಂದೆ. ಅವನು ಅಷ್ಟು ಜೋಪಾನ ಮಾಡಿದ್ದು ನಿಮ್ಮ ಮನೆಯ ಬಿತ್ತು ಎಂದು ಗೊತ್ತಿಲ್ಲದೆಯೇ ಹೋದ. ಅವನು ಹೋದಾಗ ವೆಂಕಪ್ಪನ ಕೈಯಲ್ಲಿ ಸುದ್ದಿ ಕಳುಹಿಸಿದೆ. ನೀವು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಬಾಯಿ ನನಗಿಲ್ಲ. ನೀವು ಮೂವತ್ತು ವರ್ಷ ತವರಿನ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಬದುಕಿದಿರಿ ಎಂದು ಕೇಳಿದ್ದೇನೆ. ನಾನು ಸಂಬಳ, ಮಕ್ಕಳು, ಮನೆ ಎಲ್ಲ ಮಾಡಿಕೊಂಡೆ.

ಮೊದಲೂ ಎರಡು ಸಲ ನಿಮಗೆ ಕಾಗದ ಬರೆದದ್ದುಂಟು. ಒಂದನ್ನು ನಾನೇ ಹರಿದೆ. ಇನ್ನೊಂದು ಪೆಟ್ಟಿಗೆಯಲ್ಲಿತ್ತು, ೨೦೧೯ರ ನೆರೆಯಲ್ಲಿ ನೇತ್ರಾವತಿ ಮನೆಯೊಳಗೆ ಬಂದಾಗ ಹಾಳಾಯಿತು. ನೆರೆಯ ಮೇಲೆ ಹಾಕುವುದು ಸುಲಭ. ಆ ದಿನ ಅಕ್ಕಿ, ಆಧಾರ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲ ಅಟ್ಟಕ್ಕೆ ಏರಿಸಿದೆ, ಆ ಪೆಟ್ಟಿಗೆ ಮಾತ್ರ ಕೆಳಗೇ ಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಇದೇ ಮೂವತ್ತನೇ ತಾರೀಕು, ಭಾನುವಾರ, ಮೂಡುಬಿದಿರೆಯಲ್ಲಿ ಬಿತ್ತುಗಳ ಮೇಳ ಉಂಟು. ಈ ಭತ್ತವನ್ನು ‘ನೆರಿಯದ ಹಳೆ ಭತ್ತ’ ಎಂದು ನಮ್ಮ ಮನೆಯ ಹೆಸರಿನಲ್ಲಿ ಇಡುವುದೆಂದು ಮೊದಲೇ ತೀರ್ಮಾನವಾಗಿತ್ತು. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದೂ ಉಂಟಂತೆ. ಅನಿಷಾ ಒಂದು ಅರ್ಜಿ ಫಾರಂ ಕೊಟ್ಟು ಹೋಗಿದ್ದಾಳೆ. ಬಿತ್ತಿನ ಹೆಸರು, ಉಳಿಸಿದವರ ಹೆಸರು, ಬಿತ್ತು ಮನೆಗೆ ಬಂದ ದಾರಿ. ಮೊದಲ ಎರಡನ್ನು ನಿನ್ನೆ ತುಂಬಿಸಿದೆ. ಹೆಸರು ಕಕ್ಕಿಂಜೆ ಭತ್ತ, ಉಳಿಸಿದವರು ಪೂವಮ್ಮ. ಶಾಲು ಹೊದಿಸುವುದಿದ್ದರೆ ಅವರಿಗೆ ಎಂದು ಅನಿಷಾಳಿಗೆ ಫೋನು ಮಾಡಿ ಹೇಳಿದೆ. ಅವಳು, “ಟೀಚರ್, ಅವರು ನಿಮಗೆ ಏನಾಗಬೇಕು?” ಎಂದು ಕೇಳಿದಳು. ನಮ್ಮ ಅತ್ತಿಗೆ ಎಂದೆ. ಮೂವತ್ತೊಂದು ವರ್ಷದ ಮೇಲೆ ಆ ಮಾತು ಇನ್ನೊಬ್ಬರ ಎದುರು ಹೇಳಿದ್ದು ಅದೇ ಮೊದಲು.

ಮೂರನೆಯ ಕಾಲಂ ಖಾಲಿ ಬಿಟ್ಟಿದ್ದೇನೆ. ನಿಮ್ಮ ಬಿತ್ತು ನಮ್ಮ ಬುಟ್ಟಿಗೆ ಹೇಗೆ ಬಂತು? ನೀವೇ ತಂದಿರೋ, ಯಾರ ಕೈಯಲ್ಲಾದರೂ ಕಳುಹಿಸಿದಿರೋ? ಅದನ್ನು ಹೇಳಬೇಕಾದವರು ನೀವು. ನಿಮ್ಮನ್ನು ಹೊರಗೆ ಹಾಕಿದ ಮನೆಗೆ ಯಾಕೆ ತಂದಿರಿ ಎಂದು ಮಾತ್ರ ನಾನು ಕೇಳುವುದಿಲ್ಲ.

ಕ್ಷಮಿಸಿ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಅದೂ ನಿಮ್ಮ ಹತ್ತಿರ ಇನ್ನೊಂದು ಬೇಡಿದ ಹಾಗೆ ಆಗುತ್ತದೆ. ಮೇಳಕ್ಕೆ ಬರುವುದೂ ಬಿಡುವುದೂ ನಿಮ್ಮ ಇಷ್ಟ. ಬಂದರೆ ನಾನು ಹಿಂದಿನ ಸಾಲಿನಲ್ಲಿ ಇರುತ್ತೇನೆ. ಮಾತಾಡಬೇಕೆಂದಿಲ್ಲ.

ಇಂತು,
ಅವತ್ತು ಚಾಪೆ ಎತ್ತಿದವಳು,
ಪ್ರೇಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಆಗಿತ್ತು, ಹರಿದು ತೆಗೆದು ಬರೆಯುತ್ತಿದ್ದೇನೆ. ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಅನಿಷಾಳ ಯಂತ್ರ ಹೇಳುವ ಮೊದಲೇ, ಮೂವತ್ತೊಂದು ವರ್ಷದಿಂದ ಗೊತ್ತು. ಅಮ್ಮ ಎರಡನೆಯ ಸಲ ಬಿತ್ತು ಹಟ್ಟಿಯಲ್ಲಿಟ್ಟ ಮರುದಿನ, ಮಧ್ಯಾಹ್ನ, ಎಲ್ಲರೂ ಕೆಳಗಿನ ಗದ್ದೆಯಲ್ಲಿದ್ದರು. ನಾನು ಹುಲ್ಲು ಎಳೆಯಲು ಹಟ್ಟಿಯ ಅಟ್ಟಕ್ಕೆ ಹತ್ತಿದ್ದೆ. ಪುನಃ ಬಿತ್ತು ನೆನೆಹಾಕಿದ ಸುದ್ದಿ ನಿಮಗೆ ವೆಂಕಪ್ಪನಿಂದ ಮುಟ್ಟಿತ್ತೋ ಏನೋ, ನೀವು ಹಿಂದಿನ ಗುಡ್ಡೆಯ ದಾರಿಯಿಂದ ಬಂದಿರಿ, ತಲೆಯ ಮೇಲೆ ಗೋಣಿಚೀಲ. ನೆನೆಹಾಕಿದ ಬಿತ್ತಿನ ನೀರು ಇಳಿದು ನಿಮ್ಮ ರವಿಕೆಯ ಬೆನ್ನು ಒದ್ದೆಯಾಗಿತ್ತು. ಕಕ್ಕಿಂಜೆಯಿಂದ ಅಷ್ಟು ದೂರ ನಡೆದು ಬಂದಿದ್ದಿರಿ. ನಮ್ಮ ಸತ್ತ ಬಿತ್ತನ್ನು ಬುಟ್ಟಿಯಿಂದ ತೆಗೆದು, ನಿಮ್ಮದನ್ನು ಸುರಿದು, ಎಲೆ, ಹುಲ್ಲು, ಕಲ್ಲು ಇದ್ದ ಹಾಗೆಯೇ ಇಟ್ಟಿರಿ. ನೆಲಕ್ಕೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿದಿರಿ. ಹೊರಗೆ ಹಗ್ಗದಲ್ಲಿ ಅಣ್ಣನ ಅಂಗಿ ಮುದುಡಿ ನೇತಾಡುತ್ತಿತ್ತು. ಅದರ ಎರಡೂ ತೋಳನ್ನು ಎಳೆದು ಸರಿಮಾಡಿ, ಸತ್ತ ಬಿತ್ತನ್ನು ಹೊತ್ತುಕೊಂಡು ಬಂದ ದಾರಿಯಲ್ಲೇ ಹೋದಿರಿ. ಅತ್ತಿಗೆ ಎಂದು ಒಮ್ಮೆ ಕೂಗಿದ್ದರೆ ಸಾಕಿತ್ತು. ಎರಡು ದಿನ ಬಿಟ್ಟು ಅಮ್ಮ ಹೊಸ್ತಿಲಿನ ಮಾತು ಹೇಳಿದಾಗಲಾದರೂ ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಮೂರನೆಯ ಕಾಲಂ ಈಗ ತುಂಬಿಸಿದೆ. ‘೧೯೯೪ರ ಜೂನಿನಲ್ಲಿ ಈ ಮನೆಯ ಸೊಸೆ ಪೂವಮ್ಮ ಕಕ್ಕಿಂಜೆಯಿಂದ ತಲೆಯ ಮೇಲೆ ಹೊತ್ತು ತಂದದ್ದು’ ಎಂದು. ಅರ್ಜಿಯಲ್ಲಿ ಸಾಕ್ಷಿಗೆ ಜಾಗ ಇರಲಿಲ್ಲ. ಕೆಳಗೆ ಒಂದು ಗೆರೆ ಎಳೆದು ನಾನೇ ಬರೆದೆ: ಕಣ್ಣಾರೆ ಕಂಡವರು, ಪ್ರೇಮಾವತಿ.